ಬಿಲ್ಲಿನಲ್ಲಿ ಬರೆಯದ್ದು

ಫ್ಲೋಸಿ ಬಾಯಿಗೆ ಬರುವ ಗುರುವಾರ ಐವತ್ತೆಂಟು.
ನನ್ನ ರಕ್ತದಲ್ಲಿ ಸಕ್ಕರೆ ಇದೆಯೆಂದು
ಮೊದಲು ಕಂಡವರು ಅವರು,
ರೂವಿಯ ಕ್ಲಿನಿಕ್ಕಿನ ಲ್ಯಾಬಿನ ಕಿಟಕಿಯಿಂದ
ಚೀಟಿ ಚಾಚಿ ಊರ ಕನ್ನಡದಲ್ಲೇ ಬೈದವರು:
"ಮುನ್ನೂರ ಹನ್ನೆರಡು! ನೀನೇನು ಮನುಷ್ಯನೋ, ಬೆಲ್ಲದ ಅಚ್ಚೋ?"
ಅಂದಿನಿಂದ ಅವರ ಕಾರಿನ ಎಣ್ಣೆ ನಾನೇ ಬದಲಿಸುವುದು.

ವಾರವಿಡೀ ಸೂಕ್ಷ್ಮದರ್ಶಕಕ್ಕೆ ಅಂಟಿದ ಕಣ್ಣು
ಶುಕ್ರವಾರ ಬೆಳಗ್ಗೆ ದುರ್ಬೀನಿಗೆ ಅಂಟುತ್ತದೆ.
ಅನ್ಸಬ್‌ನ ಕೊಳಗಳು. ಮಸ್ಕತ್ತಿನ ಕೊಳಚೆ
ತೊಳೆಸಿಕೊಂಡು ತಿಳಿಯಾಗಿ ನಿಲ್ಲುವ ಜಾಗ.
ನಾವು ಫ್ಲಶ್ ಮಾಡಿದ್ದರ ಮೇಲೆ
ಸೈಬೀರಿಯದ ಹಕ್ಕಿ ಬಂದು ಕೂರುತ್ತದೆಂದರೆ
ನಮ್ಮ ಗ್ಯಾರೇಜಿನಲ್ಲಿ ಯಾರೂ ನಂಬಲಿಲ್ಲ.

ಏನು ಕೊಡುವುದು?
ಮತ್ರಾದ ಸೂಕಿನಲ್ಲಿ ಬೆಳ್ಳಿಯ ಗಿಡುಗವೊಂದಿತ್ತು,
ಕೊಕ್ಕು ಬಾತಿನದು, ಕಾಲು ಕೋಳಿಯದು.
ಇದು ಯಾವ ಜಾತಿ ಎಂದು ಅವರು ಕೇಳಿದರೆ
ಅಂಗಡಿಯವನ ಹೆಸರು ಹೇಳಬೇಕಾದೀತು.
ದುರ್ಬೀನು ನೋಡಿದೆ. ನೂರ ನಲವತ್ತು ರಿಯಾಲು.
ಹಿಂದುಮುಂದಾಗಿ ಹಿಡಿದವನಿಗೆ ಕಾಣುವ ಹಾಗೆ
ನನ್ನ ಸಂಬಳ ಕಂಡಿತು,
ಬಹಳ ದೂರ, ಬಹಳ ಚಿಕ್ಕದು.
ಹಕ್ಕಿಗಳ ಪುಸ್ತಕ ನಾಲ್ಕಿವೆ ಅವರಲ್ಲಿ,
ಒಂದರ ಅಂಚಿನಲ್ಲಿ ಪೆನ್ಸಿಲು ಹಿಡಿದು
ಪುಸ್ತಕವನ್ನೇ ತಿದ್ದಿದ್ದಾರೆ.
ಹಕ್ಕಿಚಿತ್ರದ ಲೋಟಗಳು ಆರು.
"ಜೋಡಿ ಗಿಳಿ ಕೊಡು, ಪಂಜರ ಸಮೇತ" ಅಂದ
ಪೈಂಟರ್ ಗುರ್ಮೇಜ್.
ಅವರು ಮೊದಲು ಪಂಜರ ತೆರೆದಾರು,
ಆಮೇಲೆ ನನಗೆ ಬಾಗಿಲು ಮುಚ್ಚಿಯಾರು.

ಬಾಗಿಲು.

ಹೋದ ಚಳಿಗಾಲ ಒಮ್ಮೆ ಜೊತೆಗೆ ಹೋಗಿದ್ದೆ.
ಅವರ ಹಳೆಯ ಸನ್ನಿ ಕೊಳಕ್ಕೆ ಬಹಳ ಮೊದಲೇ ನಿಂತಿತು.
"ಇಲ್ಲಿಂದ ನಡೆಯುವುದು" ಅಂದರು,
ಒಂದು ಮೊಣಕಾಲು ಇನ್ನೊಂದರ ಬಳಿ ಸಾಲ ಕೇಳುವಂತೆ
ಹೊರಗಿಡುತ್ತಾ.
ಯಾಕೆ, ದಾರಿ ನೀರಿನ ತನಕ ಇದೆಯಲ್ಲ ಎಂದರೆ
ಉತ್ತರ ಕೊಟ್ಟದ್ದು ಬಾಗಿಲು:
ಮದುವೆ ಚಪ್ಪರದ ಕೆಟ್ಟ ಮೈಕಿನಂತೆ
ಕಿರ್ರ್ರೋ ಎಂದಿತು.
ಇನ್ನೂರು ಗಜ ಆಚೆ ಮೆಟ್ಟುಗಾಲು ಹಕ್ಕಿಗಳು
ಕೆಂಪು ಕಾಲೆಳೆದುಕೊಂಡು ಒಟ್ಟಿಗೇ ಎದ್ದವು.
ಫ್ಲೋಸಿ ಬಾಯಿ ಡೈರಿ ತೆಗೆದು ಬರೆದರು:
ಇಪ್ಪತ್ತು, ಅಂದಾಜು.
ಲ್ಯಾಬಿನ ಚೀಟಿಯಲ್ಲಿ ಆ ಪದವನ್ನು
ಅವರು ಎಂದೂ ಬರೆದವರಲ್ಲ.

ಬುಧವಾರ ಸನ್ನಿ ಬಂತು, ಎಣ್ಣೆಗೆ.
ಎಣ್ಣೆ ಬದಲಿಸಿದೆ. ಆಮೇಲೆ ಶಟರು ಅರ್ಧ ಎಳೆದು
ನಾಲ್ಕು ಬಾಗಿಲಿನ ಕೀಲುಗಳನ್ನೂ ಬಿಚ್ಚಿದೆ.
ಹದಿನೇಳು ವರ್ಷದ ಮರಳು, ಉಪ್ಪುಗಾಳಿ,
ಒಂದರಲ್ಲಿ ಎಲ್ಲಿಂದಲೋ ಬಂದ ಅಕ್ಕಿಕಾಳು.
ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ತುಂಬಿ
ತೆರೆದೆ, ಮುಚ್ಚಿದೆ, ತೆರೆದೆ,
ಕಣ್ಣು ಮುಚ್ಚಿ, ನನ್ನನ್ನೇ ಹಕ್ಕಿಯೆಂದುಕೊಂಡು.
ಮೂರನೆಯ ಬಾಗಿಲಿಗೆ ಹಾರಿದೆ.
ಅದನ್ನು ಮತ್ತೆ ಬಿಚ್ಚಿದೆ.

ಬಿಲ್ಲು: ಎಣ್ಣೆ, ಫಿಲ್ಟರು.
ಏಳು ರಿಯಾಲು ಐನೂರು ಬೈಸ.

ಗುರುವಾರ ಬರಿಗೈಯಲ್ಲಿ ಹೋಗಬಾರದೆಂದು
ಬರ್ಕಾದ ಹಲ್ವಾ ಒಯ್ದೆ.
"ಸಕ್ಕರೆಯವನು ಹಲ್ವಾ ಹಿಡಿದು ಬಂದಿದ್ದಾನೆ, ನೋಡಿ!"
ಕೇಕಿನ ಸುತ್ತ ನಿಂತ ನರ್ಸುಗಳೆದುರು ಮಾನ ತೆಗೆದರು.
ಅವರಲ್ಲೊಬ್ಬಳು ಹಕ್ಕಿಚಿತ್ರದ ಲೋಟ ಕೊಟ್ಟಳು.
ಏಳನೆಯದು.

ಶುಕ್ರವಾರ ಬೆಳಗ್ಗೆ ಏಳಕ್ಕೆ ಫೋನು. ಪಿಸುದನಿ.
"ಕೇಳು, ಕಾಲು ಬಹಳ ನೋಯುತ್ತಿತ್ತು,
ಬಂದದ್ದು ಬರಲಿ ಅಂತ ಕಾರು ನೀರಿನ ಅಂಚಿಗೇ ತಂದೆ.
ಇಳಿದೆ. ಒಂದೂ ಏಳಲಿಲ್ಲ ಮಾರಾಯ!
ಮೂವತ್ತೇಳು. ಎಣಿಸಿದ್ದು.
ಗಾಳಿ ಇವತ್ತು ಆಚೆಯಿಂದ ಬೀಸುತ್ತಿದೆ,
ಅದಕ್ಕೇ ಇರಬೇಕು."

ಇರಬಹುದು, ಅಂದೆ.
ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಹೋಗಿರಲಿಲ್ಲ.
ಫೋನಿನ ಆ ಕಡೆ ಯಾವುದೋ ಹಕ್ಕಿ
ಎರಡು ಸಲ ಕೂಗಿತು, ಹತ್ತಿರದಲ್ಲೇ.
ಅದರ ಹೆಸರು ಕೇಳಬೇಕೆನ್ನುವಷ್ಟರಲ್ಲಿ
"ಹಲ್ವಾ ನೀನೆಷ್ಟು ತಿಂದೆ?" ಎಂದರು.